ಹೆಸರು ಹೇಳದ ವಿಷ

"ಅಲ್ಲೇ ನಿಲ್ರಿ. ಒಳಗ ಕಾಲಿಡಬ್ಯಾಡ್ರಿ."

ಹುನಗುಂದದ ದವಾಖಾನೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು ಭುವನೇಶ್ವರಿ.

ಎದುರಿಗೆ ಅಗ್ನಿಶಾಮಕ ದಳದ ನಾಲ್ವರು. ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿದ್ದರು. ಎಲ್ಲರಿಗಿಂತ ಮುಂದೆ ಇದ್ದವನ ಹೆಗಲ ಮೇಲೆ ಇನ್ನೊಬ್ಬ ಜೋತುಬಿದ್ದಿದ್ದ. ಅವನ ಬಾಯಿಂದ ನೊರೆ ಇಳಿಯುತ್ತಿತ್ತು.

"ಹಾದಿ ಬಿಡ್ರಿ ಸಿಸ್ಟರ್. ಇಂವ ಸಾಯಾಕ ಹತ್ಯಾನ."

"ಗೊತ್ತೈತಿ. ಬಟ್ಟಿ ಬಿಚ್ರಿ. ಎಲ್ಲಾರೂ. ಇಲ್ಲೇ."

ಅವನು ಅವಳನ್ನೇ ನೋಡಿದ. ಕೆಂಡದಂಥ ಕಣ್ಣು. ಆದರೆ ಆ ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಕ್ಕೆ ಕುಗ್ಗಿಹೋಗಿತ್ತು.

'ಇವನಿಗೂ ಏರಿದೆ... ಇವನಿಗೆ ಇನ್ನೂ ತಿಳಿದಿಲ್ಲ...'

ಬಾಗಿಲ ಸುತ್ತ ಸಂಜೆಯ ಸಂತೆಯಿಂದ ಬಂದ ಜನ. ಕೆಲವರ ಕೈಯಲ್ಲಿ ಮೊಬೈಲು ಮೇಲೆದ್ದಿತ್ತು.

"ಮಂದಿ ಮುಂದ ಬಟ್ಟಿ ಬಿಚ್ಚಂತೀರಿ?"

"ನಿಮ್ಮ ಬಟ್ಟಿಯೊಳಗ ವಿಷ ಐತಿ. ನೀವು ಹಿಂಗ ಒಳಗ ಬಂದ್ರ ಹೆರಿಗಿ ವಾರ್ಡಿನ್ಯಾಗಿನ ಕೂಸಿಗೂ ತಾಗತೈತಿ. ಮಾತಾಡ್ಕೋತ ನಿಂತ್ರ ನಿಮ್ಮ ಗೆಳ್ಯಾ ಉಳಿಯಂಗಿಲ್ಲ. ಬಿಚ್ರಿ."

ಅವಳೇ ಮುಂದೆ ಬಂದು, ಎರಡು ಜೋಡಿ ಕೈಗವಸು ಹಾಕಿದ ಕೈಯಿಂದ, ಬಿದ್ದವನ ಅಂಗಿಯನ್ನು ಕತ್ತರಿಯಿಂದ ಸೀಳಿದಳು. ಬೂಟು ಕಳಚಿದಳು. ಗಿಡಕ್ಕೆ ನೀರು ಬಿಡುವ ಪೈಪು ಎಳೆದು ತಂದು, ಸಾಬೂನು ಹಚ್ಚಿ ಕೂದಲಿನಿಂದ ಅಂಗಾಲಿನವರೆಗೆ ತಿಕ್ಕಿ ತೊಳೆದಳು. ಆಮೇಲೆ ಉಳಿದ ಮೂವರನ್ನು. ಬಟ್ಟೆ, ಬೆಲ್ಟು, ಬೂಟು ಎಲ್ಲವೂ ದಪ್ಪ ಚೀಲದೊಳಗೆ ಹೋದವು.

ತನ್ನ ಸರದಿ ಬಂದಾಗ ಆ ಮುಂದಾಳು ಹಲ್ಲು ಕಚ್ಚಿ ನಿಂತಿದ್ದ. ಅವನ ಹೆಸರು ಶ್ರೀಶೈಲ. ಬಿದ್ದವನು ಸಿದ್ದಾರ್ಥ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದವರು.

ಆ ಗಳಿಗೆಯಲ್ಲಿ ಅವನಿಗೆ ಅವಳ ಮೇಲೆ ಹುಟ್ಟಿದ್ದು ಕೋಪ. ಬರೀ ಕೋಪ.

"ಬೆಂಕಿ ಬಿದ್ದ ಉಗ್ರಾಣದಾಗ ಏನಿತ್ತು?" ಅವಳು ಕೇಳಿದಳು.

"ಗೊಬ್ಬರ. ಮಾಲಕರು ಹೇಳಿದ್ರು, ಗೊಬ್ಬರ ಬಿಟ್ರ ಏನೂ ಇಲ್ಲಂತ. ಅದಕ್ಕ ಮುಖಕ್ಕ ಮಾಸ್ಕ್ ಹಾಕ್ಕೊಂಡು, ಇದ್ದ ಬಟ್ಟಿಮ್ಯಾಲ ನುಗ್ಗೇವಿ."

"ಯಾರ ಉಗ್ರಾಣ?"

"ಅಂದಾನಪ್ಪ ಸಾವಕಾರ್ರದು."

ಅವಳು ಪೈಪಿನ ನೀರು ನಿಲ್ಲಿಸಿದಳು.

ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆಯನ್ನು ಅವಳು ಮೂಗಿನಿಂದಲೇ ಗುರುತಿಸಿದ್ದಳು. ಹೊಲಕ್ಕೆ ಹೊಡೆಯುವ ಎಣ್ಣೆ, ಕೀಟನಾಶಕ. ಸಾಲೆಯಿಂದ ಬಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಪಾಠ ಬರೆಯುತ್ತಿದ್ದಾಗಿನಿಂದ ಗೊತ್ತಿದ್ದ ವಾಸನೆ ಅದು. ಅದು ಅವಳ ಅಪ್ಪನ ಅಂಗಡಿಯ ವಾಸನೆ.

ಅಂದಾನಪ್ಪ ಅವಳ ತಂದೆ.

ಡಾಕ್ಟರ್ ಮತೀನ ಓಡಿಬಂದು ಸಿದ್ದಾರ್ಥನಿಗೆ ಸೂಜಿ ಚುಚ್ಚುತ್ತಿದ್ದಾಗ, ಅವಳು ಗೋಡೆಗೆ ಒರಗಿ ಅಪ್ಪನಿಗೆ ಫೋನು ಹಚ್ಚಿದಳು.

"ಅಪ್ಪಾ, ಉಗ್ರಾಣದಾಗ ಯಾವ ಎಣ್ಣಿ ಇತ್ತು? ಹೆಸರು ಹೇಳ್ರಿ."

"ಎಣ್ಣಿ ಎಲ್ಲೀದು? ಗೊಬ್ಬರ ಇತ್ತು."

"ನಾಲ್ಕ ಮಂದಿ ನನ್ನ ಕೈಯಾಗ ಅದಾರ ಅಪ್ಪಾ. ಒಬ್ಬಾಂವ ಉಸಿರ ಹಿಡ್ಯಾಕ ಹತ್ಯಾನ. ನಿಮ್ಮ ಕಾಲ ಬೀಳ್ತೇನಿ, ಹೆಸರಷ್ಟ ಹೇಳ್ರಿ. ಯಾರಿಗೂ ಹೇಳಂಗಿಲ್ಲ, ಡಾಕ್ಟರಿಗೆ ಅಷ್ಟ..."

ಆಚೆಯಿಂದ ಉಸಿರು ಕೇಳಿಸಿತು. ಆಮೇಲೆ ಅದೂ ಇಲ್ಲ. ಅಪ್ಪ ಫೋನು ಇಟ್ಟಿದ್ದ.

ಅವಳು ಮತೀನನ ಬಳಿಗೆ ಹೋಗಿ ಹೇಳಿದಳು. "ಸರ್, ಹೆಸರು ಗೊತ್ತಿಲ್ಲ. ಆದ್ರ ವಾಸನಿ ಎಣ್ಣೀದೈತಿ."

"ಕಣ್ಣೂ ಅದನ್ನ ಹೇಳ್ತಾವ," ಎಂದ ಮತೀನ. "ಆಂಬುಲೆನ್ಸಿಗೆ ಹೇಳು. ಇವ್ನನ್ನ ಬಾಗಲಕೋಟಿಗೆ ಕಳಸೂಣು."

* * *

ಸಿದ್ದಾರ್ಥ ಮರುದಿನ ಬೆಳಗಿನ ಹೊತ್ತಿಗೆ ಬಾಗಲಕೋಟೆಯಲ್ಲಿ ತೀರಿಕೊಂಡ.

ಶ್ರೀಶೈಲನಿಗೆ ಅದು ತಿಳಿಯಲಿಲ್ಲ. ಮದ್ದಿನ ಅಮಲಿನಲ್ಲಿ ಅವನು ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಿದ್ದ. ಬಾಯಿ ಒಣಗಿ ನಾಲಿಗೆ ಮರದ ತುಂಡಾಗಿತ್ತು. ಇಲ್ಲದ ಬೆಂಕಿ ಕಂಡು ಕೂಗುತ್ತಿದ್ದ. ಭುವನೇಶ್ವರಿ ಅವನ ಕೈ ಹಿಡಿದು ಕೂರುತ್ತಿದ್ದಳು. ಆ ಹಿಡಿತಕ್ಕೆ ಅವಳ ಬೆರಳು ನೀಲಿಗಟ್ಟುತ್ತಿದ್ದವು.

ಪ್ರಜ್ಞೆ ತಿಳಿಯಾದಾಗ ಅವನು ಕೇಳಿದ ಮೊದಲ ಮಾತು, "ಸಿದ್ದಾರ್ಥ?"

ಈಗಲೇ ಹೇಳಬೇಡ ಎಂದಿದ್ದ ಮತೀನ. ಎದೆಬಡಿತ ಇನ್ನೂ ತಾಳಕ್ಕೆ ಬಂದಿರಲಿಲ್ಲ.

"ಬಾಗಲಕೋಟ್ಯಾಗ ಅದಾನ," ಎಂದಳು.

ಸುಳ್ಳೇನಲ್ಲ... ಹೆಣ ಆಗ ಅಲ್ಲಿಯೇ ಇತ್ತು.

ಎದ್ದು ಕೂರುವಂತಾದ ದಿನ ಅವಳೇ ಹೇಳಿದಳು. ಅವನು ಅಳಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ, "ಮಣ್ಣ ಆತೇನ್ರಿ?" ಎಂದು ಕೇಳಿದ.

"ಆತ್ರಿ."

"ನನ್ನ ಬಿಟ್ಟು?"

ಅಷ್ಟಕ್ಕೆ ಅವಳ ಕಣ್ಣು ತುಂಬಿ ಬಂದವು. ಎಷ್ಟೋ ಸಾವು ನೋಡಿದ ನರ್ಸು ಅವಳು. ಆದರೂ ಮಂಚದ ಸರಳು ಹಿಡಿದು ಬಿಕ್ಕಿದಳು. ತನ್ನ ಮನೆಯ ಉಗ್ರಾಣ, ತನ್ನ ಮನೆಯ ಸುಳ್ಳು... ಅವನಿಗೆ ಹೇಗೆ ಹೇಳಲಿ?

ಅವನು ತಿರುಗಿ ನೋಡಿದ. ತನ್ನ ಗೆಳೆಯನಿಗಾಗಿ ಅಳುತ್ತಿದ್ದಾಳೆ ಅಂದುಕೊಂಡ.

"ಅಳಬ್ಯಾಡ್ರಿ. ನೀವು ಅವತ್ತ ತಡದು ತೊಳೀದಿದ್ರ ನಾನೂ ಅವನ ಬಾಜೂಕ ಮಲಗಿರ್ತಿದ್ನಿ. ನಮ್ಮ ಲಾರಿ ಡ್ರೈವರ್ ನೀಲಪ್ಪಣ್ಣ ಹೇಳ್ಯಾನ. ನಾ ಅವತ್ತ ನಿಮಗ ಏನೇನೋ ಅಂದೆ..."

ಅವನ ಕೋಪ ಕರಗಿದ್ದು ಹಾಗೆ. ಅವಳ ಭಯ ಶುರುವಾದದ್ದೂ ಆಗಲೇ.

ಮನೆಗೆ ಹೋದ ಮೇಲೂ ಬಿ.ಪಿ. ತೋರಿಸುವ ನೆಪ ಮಾಡಿ ಅವನು ಬರತೊಡಗಿದ. ಒಮ್ಮೆ ಅಮೀನಗಡದಿಂದ ಕರದಂಟು ತಂದು ಟೇಬಲ್ಲಿನ ಮೇಲಿಟ್ಟು, ಏನೂ ಹೇಳದೆ ಹೋಗಿಬಿಟ್ಟ. ಇನ್ನೊಮ್ಮೆ ದವಾಖಾನೆಯ ಎದುರಿನ ಚಹಾದಂಗಡಿಯಲ್ಲಿ ಕುಳಿತು ಸಿದ್ದಾರ್ಥನ ಮಾತು ಹೇಳುತ್ತಾ ನಕ್ಕ, ನಗುತ್ತಲೇ ಸುಮ್ಮನಾದ.

"ನೀವು ಇಲ್ಲೇ ಹುನಗುಂದದವರೇನ್ರಿ?" ಎಂದು ಕೇಳಿದ ಒಂದು ದಿನ.

"ಹೌದ್ರಿ."

"ಯಾವ ಮನಿ?"

ಹೇಳಬೇಕಿತ್ತು. ಆಗಲೇ ಹೇಳಬೇಕಿತ್ತು. ಆದರೆ ಅವನ ಕಣ್ಣಲ್ಲಿ ತನ್ನ ಬಗ್ಗೆ ಮೂಡಿದ್ದ ಆ ಬೆಳಕನ್ನು ಕೈಯಾರೆ ಆರಿಸಲು ಅವಳಿಗೆ ಧೈರ್ಯ ಸಾಲಲಿಲ್ಲ.

"ಬಸ್ ಸ್ಟ್ಯಾಂಡ್ ಹಿಂದ," ಎಂದಷ್ಟೇ ಅಂದಳು.

* * *

ಬಾಗಲಕೋಟೆಯಲ್ಲಿ ಸಿದ್ದಾರ್ಥನ ಸಾವಿನ ವಿಚಾರಣೆ ಶುರುವಾಯಿತು. ಮೊದಲ ಹೇಳಿಕೆ ಕೊಟ್ಟವನು ಅಂದಾನಪ್ಪ.

ಅವನು ಹೇಳಿದ್ದು ಇಷ್ಟು: "ಗಡಿಬಿಡ್ಯಾಗ ಅಗ್ನಿಶಾಮಕದವರಿಗೆ ಹೇಳೂದು ಮರತೆ. ಆದ್ರ ನನ್ನ ಮಗಳು ದವಾಖಾನಿಯಿಂದ ಫೋನ್ ಮಾಡಿದಾಗ ಎಣ್ಣಿ ಹೆಸರು ಹೇಳೇನಿ. ಆಕಿ ಡಾಕ್ಟರಿಗೆ ಯಾಕ ಹೇಳ್ಲಿಲ್ಲೋ ನನಗ ಗೊತ್ತಿಲ್ಲ."

ಅಪ್ಪ ಮಗಳು ಮಾತಾಡಿದ್ದು ಖರೆಯೇ ಎಂದು ಫೋನಿನ ದಾಖಲೆಯೂ ಹೇಳಿತು. ಏನು ಮಾತಾಡಿದರು ಎಂದು ಹೇಳುವವರು ಅವರಿಬ್ಬರೇ.

ಸುದ್ದಿ ತಿಳಿದು ಭುವನೇಶ್ವರಿ ಮನೆಗೆ ಓಡಿದಳು. ಅಂದಾನಪ್ಪ ಆಗತಾನೇ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿ ಇಡುತ್ತಿದ್ದ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಅಪ್ಪಾ, ನೀವು ನನಗ ಗೊಬ್ಬರ ಅಂದ್ರಿ. ಫೋನ್ ಕಟ್ ಮಾಡಿದ್ರಿ."

"ಹೌದು."

ಅಷ್ಟು ಸುಲಭವಾಗಿ ಒಪ್ಪಿಕೊಂಡಾನೆಂದು ಅವಳು ಎಣಿಸಿರಲಿಲ್ಲ.

"ಮತ್ತ ಅಲ್ಲಿ...?"

"ಅದು ಮಾರಬಾರದ ಮಾಲು. ಬಂದ್ ಮಾಡಿದ್ದು. ವಿಚಾರಣಿಯವ್ರಿಗೆ ಬ್ಯಾರೆ ಎಣ್ಣಿ ಹೆಸರು ಕೊಟ್ಟೇನಿ. ಖರೆ ಹೆಸರು ಬಾಯಿಂದ ಬಂದ್ರ ನನಗ ಜೈಲು. ನಿನಗೇನಾಗತೈತಿ? ಒಂದ್ ವರ್ಗ ಆಗತೈತಿ. ಇಲ್ಲಾ ನೌಕರಿ ಹೋಗತೈತಿ. ಲಗ್ನ ಮಾಡಿ ಕೊಡ್ತೇನಿ, ಕುಂತು ಉಣ್ಣು."

"ಒಬ್ಬಾಂವ ಸತ್ತಾನ ಅಪ್ಪಾ."

"ಬೆಂಕಿ ಆರಸೂದು ಅವನ ಕೆಲಸ ಇತ್ತು. ನಾ ಕರದು ಸಾಯಂದಿಲ್ಲ."

ಅಡುಗೆಮನೆಯಿಂದ ಅವ್ವ ಸಾವಿತ್ರೆವ್ವ ಬಂದು ಮಗಳ ಎರಡೂ ಕೈ ಹಿಡಿದುಕೊಂಡಳು. "ಸುಮ್ಮನಿರವ್ವಾ. ನೀ ಬಾಯಿ ತಗದ್ರ ನನ್ನ ಕೊಳ್ಳಾಗಿನ ತಾಳಿ ಹೋದಂಗ. ನೀ ಏನೂ ಅನಬ್ಯಾಡ. ಸುಳ್ಳೂ ಹೇಳಬ್ಯಾಡ. ಬರೇ ಸುಮ್ಮನಿರು."

ವಿಚಾರಣೆಯವರು ಭುವನೇಶ್ವರಿಯನ್ನು ಕರೆದು, ಅಪ್ಪ ಫೋನಿನಲ್ಲಿ ಏನು ಹೇಳಿದ ಎಂದು ಕೇಳಿದರು. "ನೆನಪಾಗವಲ್ದು," ಎಂದಳು. ತಲೆ ಎತ್ತಲಿಲ್ಲ.

ಹೊರಗೆ ಬಂದರೆ ಕಟ್ಟೆಯ ಮೇಲೆ ಶ್ರೀಶೈಲ ಕುಳಿತಿದ್ದ. ಪಕ್ಕದಲ್ಲಿ ಅಗ್ನಿಶಾಮಕ ಲಾರಿಯ ಹಿರಿಯ ಡ್ರೈವರ್ ನೀಲಪ್ಪ. ಅವಳು ಯಾರ ಮಗಳೆಂದು ಶ್ರೀಶೈಲನಿಗೆ ತಿಳಿದಿತ್ತು. ಮುಖದ ಮೇಲೆ ಬರೆದಿತ್ತು ಅದು.

"ಯಾವ ಮನಿ ಅಂತ ಕೇಳಿದ್ನಿ. ಬಸ್ ಸ್ಟ್ಯಾಂಡ್ ಹಿಂದ ಅಂದ್ರಿ."

"ಶ್ರೀಶೈಲ ಅವ್ರ, ನಾ ಒಂದ್ ಮಾತ..."

"ನಾವು ಬಾಗಲಿಗೆ ಬರೂದ್ರಾಗ ನಿಮಗ ಹ್ಯಾಂಗ ಗೊತ್ತಾತಂತ ಭಾಳ ದಿವ್ಸ ವಿಚಾರ ಮಾಡೇನಿ. ಎಷ್ಟ ಹುಷಾರಿ ಹುಡುಗಿ ಅಂತ ಮಂದಿ ಮುಂದ ಹೊಗಳೇನಿ. ನಿಮ್ಮ ಮನಿ ಮಾಲು, ನಿಮಗ ಗೊತ್ತಿರದ ಏನು?"

"ವಾಸನಿಮ್ಯಾಲಿಂದ..."

"ಸಿದ್ದಾರ್ಥ ಸತ್ತ ಮ್ಯಾಲೂ ಬಾಗಲಕೋಟ್ಯಾಗ ಅದಾನ ಅಂದಾಕಿ ನೀವು. ನಿಮಗ ರೂಢಿ ಐತಿ." ಅವನ ದನಿ ಏರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಅವತ್ತ ನೀವು ತೊಳದದ್ದು ನಮ್ಮ ಮೈಯಲ್ಲ. ನಿಮ್ಮಪ್ಪನ ಕೈ."

ಅವಳು ಬಾಯಿ ತೆರೆದಳು. ಸತ್ಯ ನಾಲಿಗೆಯ ತುದಿಯವರೆಗೂ ಬಂತು. ಅವ್ವನ ಕೈಯ ಬಿಸಿ ಇನ್ನೂ ಮಣಿಕಟ್ಟಿನ ಮೇಲಿತ್ತು.

ಅವಳು ಮೆಟ್ಟಿಲಿಳಿದು ಹೋದಳು.

* * *

ವಿಚಾರಣೆ ಮುಗಿಯುವ ತನಕ ಎಂದು ಅವಳನ್ನು ಮರೋಳದ ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ಹಳ್ಳಿಯವರು ಕೆಟ್ಟದ್ದೇನೂ ಅನ್ನಲಿಲ್ಲ. ಆದರೆ ಒಬ್ಬ ಮುದುಕಿ ಸೂಜಿ ಮಾಡಿಸಿಕೊಳ್ಳುವ ಮೊದಲು, "ಇದರಾಗ ಏನೈತಿ, ಹೆಸರು ಹೇಳಿ ಚುಚ್ಚವ್ವಾ," ಎಂದಳು. ಕೋಣೆಯಲ್ಲಿದ್ದವರು ನಕ್ಕರು. ಭುವನೇಶ್ವರಿ ಹೆಸರು ಹೇಳಿಯೇ ಚುಚ್ಚಿದಳು.

ಬೇಸಿಗೆ ಏರಿದ್ದ ಒಂದು ಮಧ್ಯಾಹ್ನ, ಅಗ್ನಿಶಾಮಕ ಲಾರಿ ಕೇಂದ್ರದ ಮುಂದೆ ಬಂದು ನಿಂತಿತು. ನೀಲಪ್ಪ ಇಳಿದು ಓಡಿಬಂದ.

"ಅಕ್ಕಾರ, ಬರ್ರಿ. ಶ್ರೀಶೈಲ ಬಿದ್ದಾನ."

ಏತ ನೀರಾವರಿಯ ಕಾಲುವೆಯಲ್ಲಿ ಎಮ್ಮೆ ಬಿದ್ದಿತ್ತು. ಹಗ್ಗ ಕಟ್ಟಿ ಎಳೆದು ಹಾಕಿದ ಮೇಲೆ, ದಂಡೆಯ ಮೇಲೆ ಕುಳಿತವನು ಕುಳಿತಲ್ಲಿಯೇ ಉರುಳಿದ್ದ. ಮೈಯೆಲ್ಲ ಬೆವರಿನ ಹೊಳೆ. ಬಿಸಿಲು ಬಡಿದಿದೆ ಅಂದುಕೊಂಡಿದ್ದರು.

ಲಾರಿಯಲ್ಲಿ ಮಲಗಿಸಿದ್ದ ಅವನ ರೆಪ್ಪೆ ಎತ್ತಿ ಅವಳು ನೋಡಿದಳು.

ಪಾಪೆ ಮತ್ತೆ ಸೂಜಿಯ ಮೊನೆ.

'ಮತ್ತೆ ಅದೇ... ಎಲ್ಲಿಂದ ಬಂತು?'

"ಇವತ್ತ ಎಣ್ಣಿ ಇದ್ದಲ್ಲೆ ಎಲ್ಲೆರ ಹೋಗಿದ್ರೇನು?"

"ಇಲ್ರಿ. ಎಮ್ಮಿ ಬಿಟ್ರ ಏನೂ ಮುಟ್ಟಿಲ್ಲ."

ಅವಳು ಅವನ ಅಂಗಿ ಮೂಸಿದಳು. ಕೈ ಮೂಸಿದಳು. ಕಾಲ ಬಳಿ ಬಾಗಿದಳು. ನೀರಿನಲ್ಲಿ ನೆಂದು, ಬೆವರಿನಲ್ಲಿ ಬೆಂದ ಬೂಟಿನಿಂದ ಕೊಳೆತ ಬೆಳ್ಳುಳ್ಳಿಯ ವಾಸನೆ.

"ಈ ಬೂಟ ಯಾರವು?"

ನೀಲಪ್ಪ ನೆಲ ನೋಡಿದ. "ಸಿದ್ದಾರ್ಥನವು. ದವಾಖಾನಿ ಹಿಂದ ಸುಡಾಕ ಇಟ್ಟ ಚೀಲದಾಗಿಂದ ತಗೊಂಡು ಬಂದಿದ್ದ. ಗೆಳ್ಯಾನ ಗುರ್ತ ಅಂದ. ನಾನೂ ಬ್ಯಾಡ ಅನ್ನಲಿಲ್ಲ."

"ನನ್ನ ಮುಟ್ಟಬ್ಯಾಡ್ರಿ," ಶ್ರೀಶೈಲನ ತುಟಿ ಅಲುಗಿದವು. ಅವಳ ದನಿ ಗುರುತು ಹಿಡಿದಿದ್ದ. "ತೊಳದೇನಿ ಅವನ್ನ... ಬಿಸಲಿಗಿಟ್ಟೇನಿ..."

"ಬೂಟಿನ ಚರ್ಮ ಕುಡದ ವಿಷ ತೊಳದ್ರ ಹೋಗಂಗಿಲ್ಲ," ಎಂದಳು ಅವಳು. "ನನ್ನ ಆಮ್ಯಾಲ ಬೈರಿ. ಈಗ ಸುಮ್ಮನ ಮಕ್ಕೋರಿ."

ಕೈಗವಸು ಹಾಕಿ ಲೇಸು ಕತ್ತರಿಸಿದಳು. ಬೂಟಿನೊಳಗಿನ ಪಾದ ಬೆಳ್ಳಗೆ ನೆನೆದು, ಬೆರಳ ಸಂದಿ ಸುಲಿದುಹೋಗಿತ್ತು. ಸುಲಿದ ಚರ್ಮದ ಮೂಲಕ ಗೆಳೆಯನ ಸಾವು ದಿನವೂ ಸ್ವಲ್ಪಸ್ವಲ್ಪ ಅವನೊಳಗೆ ಇಳಿದಿತ್ತು.

ಅವಳು ಅವನನ್ನು ಎರಡನೆಯ ಸಲ ತೊಳೆದಳು. ಕೇಂದ್ರದಲ್ಲಿ ಡಾಕ್ಟರು ಇರಲಿಲ್ಲ. ಫೋನಿನಲ್ಲಿ ಮತೀನ ಹೇಳಿದಂತೆ ಸೂಜಿ ಕೊಟ್ಟು, ಆಂಬುಲೆನ್ಸಿನಲ್ಲಿ ಅವನ ಜೊತೆ ತಾನೂ ಕುಳಿತಳು.

ಅರ್ಧ ದಾರಿಯಲ್ಲಿ ಅವನು ಕಣ್ಣು ತೆರೆದ.

"ಅವತ್ತ ನಿಮ್ಮಪ್ಪ ಫೋನ್ಯಾಗ ಏನಂದ್ರು?"

ಈ ಸಲ ಅವಳಿಗೆ ಸುಮ್ಮನಿರಲಾಗಲಿಲ್ಲ.

"ಗೊಬ್ಬರ ಅಂದ್ರು. ಕಾಲ ಬೀಳ್ತೇನಿ, ಹೆಸರು ಹೇಳ್ರಿ ಅಂದೆ. ಫೋನ್ ಇಟ್ರು."

ಅವನು ತಲೆ ಎತ್ತಲು ಹೋಗಿ ಮತ್ತೆ ಒರಗಿದ.

"ನಾ ಕಟ್ಟಿಮ್ಯಾಲ ಅಷ್ಟೆಲ್ಲಾ ಅಂದಾಗ ಯಾಕ ಹೇಳ್ಲಿಲ್ಲ?"

"ಅವ್ರು ನಮ್ಮಪ್ಪ."

"ಸಿದ್ದಾರ್ಥಗ ಅವ್ವ ಅದಾಳ."

ಅವಳು ಮುಖ ಮುಚ್ಚಿಕೊಂಡಳು. ಅವನು ಕೈ ಚಾಚಲಿಲ್ಲ. ಚಾಚುವ ಶಕ್ತಿಯೂ ಇರಲಿಲ್ಲ.

"ಹೇಳ್ರಿ ಅಂತ ನಾ ಅನ್ನಂಗಿಲ್ಲ," ಎಂದ ಕೊನೆಗೆ. "ನನ್ನ ಸಲುವಾಗಿ ಹೇಳಿದ್ರಿ ಅನ್ನೂ ಭಾರ ನನಗ ಬ್ಯಾಡ. ಹೇಳೂದಿದ್ರ ನೀವಾಗೇ ಹೇಳ್ರಿ."

* * *

ಮುಂದಿನ ವಿಚಾರಣೆಯ ದಿನ ಬಾಗಲಕೋಟೆಯ ಕಚೇರಿಗೆ ಅವಳು ತಾನಾಗಿಯೇ ಹೋದಳು. ಮರೆತಿದೆ ಎಂದದ್ದು ಸುಳ್ಳು ಎಂದು ಮೊದಲು ಹೇಳಿದಳು. ಆಮೇಲೆ ಫೋನಿನಲ್ಲಿ ಆಡಿದ ಒಂದೊಂದು ಮಾತನ್ನೂ, ಮನೆಯಲ್ಲಿ ಅಪ್ಪ ಒಪ್ಪಿಕೊಂಡದ್ದನ್ನೂ ಹೇಳಿದಳು. ಎದುರಿನ ಕುರ್ಚಿಯಲ್ಲಿ ಅಂದಾನಪ್ಪ ಕುಳಿತಿದ್ದ.

"ಹೆಸರು ಗೊತ್ತಿದ್ದರೆ ಸಿದ್ದಾರ್ಥ ಬದುಕುತ್ತಿದ್ದನೇ?" ಎಂದು ಅಧಿಕಾರಿ ಡಾಕ್ಟರ್ ಮತೀನನನ್ನು ಕೇಳಿದರು.

"ದವಾಖಾನೆಗೆ ಬಂದ ಮೇಲೆ ಗೊತ್ತಾಗಿದ್ದರೆ ಬದುಕುತ್ತಿದ್ದ ಎಂದು ಹೇಳಲಾರೆ," ಎಂದ ಮತೀನ. "ಆದರೆ ಬೆಂಕಿಯ ಹತ್ತಿರ ಹೋಗುವ ಮೊದಲೇ ಗೊತ್ತಾಗಿದ್ದರೆ ಅವರು ಹಾಗೆ ಹೋಗುತ್ತಲೇ ಇರಲಿಲ್ಲ. ದೂರ ನಿಲ್ಲುತ್ತಿದ್ದರು. ಮೈ ಮುಚ್ಚುವ ಸೂಟು ತರಿಸುತ್ತಿದ್ದರು. ಉಗ್ರಾಣ ಸುಟ್ಟುಹೋಗುತ್ತಿತ್ತು. ಮನುಷ್ಯ ಉಳಿಯುತ್ತಿದ್ದ."

ಹೊರಗೆ ಬರುವಾಗ ಪೊಲೀಸರ ನಡುವೆ ಅಂದಾನಪ್ಪ ಅವಳ ಎದುರು ನಿಂತ. ಬೈಯಲಿಲ್ಲ. ಗಿರಾಕಿಯ ಜೊತೆ ವ್ಯಾಪಾರ ಮುಗಿಸುವವನ ಹಾಗೆ ಶಾಂತವಾಗಿ ಹೇಳಿದ.

"ನಾ ಸತ್ರ ಮಣ್ಣಿಗೆ ಬರಬ್ಯಾಡ."

ಅವ್ವ ಬಾಗಿಲು ತೆರೆಯಲಿಲ್ಲ. ಅವಳ ಬಟ್ಟೆಗಳನ್ನು ಒಂದು ಚೀಲದಲ್ಲಿ ತುಂಬಿ ಕಟ್ಟೆಯ ಮೇಲಿಟ್ಟಿದ್ದಳು. ಎಲ್ಲವನ್ನೂ ಒಗೆದು, ಮಡಚಿ, ಒಪ್ಪವಾಗಿ.

ಅವಳು ಸಿದ್ದಾರ್ಥನ ತಾಯಿ ಲಗಮವ್ವನನ್ನು ಕಾಣಲು ಇಳಕಲ್ಲಿಗೆ ಹೋದಳು. ಮುದುಕಿ ಮಗ್ಗದ ಮುಂದೆ ಕುಳಿತು ಸೆರಗು ನೇಯುತ್ತಿದ್ದಳು. ಲಾಳಿ ಒಮ್ಮೆಯೂ ನಿಲ್ಲಲಿಲ್ಲ.

"ಖರೆ ಹೇಳಿದಿ ಅಂತ ಕೇಳೇನಿ," ಎಂದಳು. "ಚಲೋ ಮಾಡಿದಿ. ಆದ್ರ ತಡಾ ಮಾಡಿ ಹೇಳಿದಿ. ಅಷ್ಟ ದಿವ್ಸ ನನ್ನ ಮಗಾ ಹಣೇಬರಹಕ್ಕ ಸತ್ತಾನೋ ಯಾರರ ಕೊಂದಾರೋ ಗೊತ್ತಾಗದ ಅತ್ತೇನಿ. ಆ ಅಳು ನನಗ ಯಾರು ತಿರುಗಿ ಕೊಡ್ತಾರ? ಹೋಗವ್ವಾ. ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಮತ್ತ ಬರಬ್ಯಾಡ."

ಆ ದಿನ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಕುಳಿತು ಭುವನೇಶ್ವರಿ ಶ್ರೀಶೈಲನಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ.

ಮತ್ತೆ ಮಾಡಿದಳು. ಎತ್ತಲಿಲ್ಲ.

'ಅಂದಾನಪ್ಪನ ಮಗಳ ದನಿ ಕೇಳುವುದೂ ಬೇಡವಾಗಿದೆ ಅವನಿಗೆ... ಸರಿಯೇ ಇದೆ.'

ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಎರಡನೆಯ ಸಲ ಗುಣವಾದ ಮೇಲೆ ಶ್ರೀಶೈಲನ ಅಂಗಾಲು ಜುಮುಗುಡತೊಡಗಿತ್ತು. ಆಮೇಲೆ ಮರಗಟ್ಟಿತು. ಮೆಲ್ಲಗೆ ಆ ಮರಗಟ್ಟುವಿಕೆ ಮೊಣಕಾಲಿನವರೆಗೆ ಏರಿತು. ವಿಷ ನರಗಳನ್ನು ತಿಂದಿದೆ, ಒಂದಿಷ್ಟು ಮರಳೀತು, ಒಂದಿಷ್ಟು ಮರಳಲಿಕ್ಕಿಲ್ಲ ಎಂದಿದ್ದರು ಡಾಕ್ಟರು. ಏಣಿ ಹತ್ತುವ ಕೆಲಸ ಮುಗಿದಿತ್ತು. ಫೋನು ರಿಂಗಾದಾಗಲೆಲ್ಲ ಅವನು ಅದರ ಮೇಲೆ ಮೂಡುವ ಹೆಸರನ್ನು ನೋಡುತ್ತಾ ಕೂರುತ್ತಿದ್ದ. ಅದು ನಿಂತ ಮೇಲೆ, ಗೋಡೆಗೆ ಒರಗಿಸಿದ ಕೋಲನ್ನು ನೋಡುತ್ತಿದ್ದ.

* * *

ಮಳೆಗಾಲ ಕಳೆದ ಮೇಲೆ, ಬಾದಾಮಿಯ ಹತ್ತಿರ ಶಿವಯೋಗ ಮಂದಿರದ ಬಳಿ, ಮಲಪ್ರಭೆಯ ದಂಡೆಯಲ್ಲಿ ಸುತ್ತಲಿನ ತಾಲೂಕುಗಳ ಅಗ್ನಿಶಾಮಕದವರಿಗೆಲ್ಲ ತರಬೇತಿ ಇಟ್ಟರು. ವಿಷ ತಾಗಿದವರನ್ನು ತೊಳೆಯುವುದು ಹೇಗೆಂದು ತೋರಿಸಲು ಮತೀನ ಭುವನೇಶ್ವರಿಯ ಹೆಸರು ಹೇಳಿದ್ದ. ಅಲ್ಲಿ ಇನ್ನು ಯಾರಿರುತ್ತಾರೆ ಎಂದು ಅವನು ಹೇಳಿರಲಿಲ್ಲ.

ಅವಳು ಬಂದಾಗ ಮರಳಿನ ಮೇಲೆ ನಿಂತು ಒಬ್ಬ ಮಾತಾಡುತ್ತಿದ್ದ. ಕೈಯಲ್ಲಿ ಕೋಲು.

"ಮಾಲಕ ಏನೂ ಇಲ್ಲ ಅಂದ್ರ, ಏನೋ ಐತಿ ಅಂತ ತಿಳೀರಿ. ಗಾಳಿ ಬರೂ ಕಡೆ ನಿಲ್ರಿ. ಹೆಸರು ಸಿಗೂತನಾ ಸೂಟಿಲ್ಲದ ಒಳಗ ಹೋಗಬ್ಯಾಡ್ರಿ. ಹೊರಗ ಬಂದ ಮ್ಯಾಲ ಮದಲ ನೀರು, ಸಾಬೂನು, ಆಮ್ಯಾಲ ಚಹಾ. ಬಟ್ಟಿ ಮನಿಗಿ ಒಯ್ಯಬ್ಯಾಡ್ರಿ, ನಿಮ್ಮ ಅವ್ವ ಒಗೀತಾಳ. ಚರ್ಮದ್ದು ಯಾವುದನ್ನೂ ಇಟ್ಕೋಬ್ಯಾಡ್ರಿ. ಅದು ಯಾರದೇ ಇರಲಿ."

ಗುಂಪಿನಲ್ಲಿ ಒಬ್ಬ ನಕ್ಕ. "ಮಂದಿ ಮುಂದ ಬರೇ ಮೈಲೆ ನಿಲ್ಲೂದಂದ್ರ ನಾಚಿಕಿ ಬರತೈತ್ರಿ ಸರ್."

"ನನಗೂ ಬಂದಿತ್ತು," ಎಂದ ಶ್ರೀಶೈಲ. "ಅವತ್ತ ನಾಚ್ಕೋತನ ನಿಂತಿದ್ನಿ, ಅದಕ್ಕ ಇವತ್ತ ಜೀವಂತ ನಿಂತೇನಿ."

ಆಗ ಅವಳನ್ನು ಕಂಡ.

ಇಬ್ಬರೂ ಇಡೀ ದಿನ ಬೇರೆಬೇರೆ ಸಾಲಿನಲ್ಲಿ ನಿಂತು ಕಲಿಸಿದರು. ಸಂಜೆ ಎಲ್ಲರೂ ಚಹಾಕ್ಕೆ ಹೋದಾಗ, ಅವನು ನೀರಿನ ಬಳಿ ಕಲ್ಲಿನ ಮೇಲೆ ಕುಳಿತಿದ್ದ. ಅವಳು ಬಂದು ಸ್ವಲ್ಪ ದೂರದಲ್ಲಿ ಕುಳಿತಳು.

"ಫೋನ್ ಯಾಕ ಎತ್ತಲಿಲ್ಲ?"

"ಎತ್ತಿದ್ರ ಬರ್ರಿ ಅಂತಿದ್ನಿ."

"ಅಂದಿದ್ರ?"

"ಈ ಕಾಲ ನೋಡ್ತಿದ್ರಿ. ನಿಮ್ಮಪ್ಪ ಮಾಡಿದ್ದು ಅಂತ ದಿನಾ ನೋಡ್ತಿದ್ರಿ. ಒಬ್ಬರನ್ನ ಹಿಂಗ ದಿನಾ ಕೊಲ್ಲೂದು ನನ್ನ ಕೈಲೆ ಆಗಂಗಿಲ್ಲ."

ಅವಳು ಎದ್ದು ಬಂದು ಅವನ ಪಕ್ಕದಲ್ಲೇ ಕುಳಿತಳು. "ನೋಡಾಕ ಬಂದೇನಿ," ಎಂದಳು. "ಬ್ಯಾರೆ ಎಲ್ಲೂ ನನ್ನ ಕರಿಯವ್ರಿಲ್ಲ ಅಂತಲ್ಲ. ನಿಮ್ಮ ಮ್ಯಾಲ ಜೀವ ಐತಿ ಅಂತ. ಚಹಾದಂಗಡ್ಯಾಗ ನೀವು ನಕ್ಕೋತ ಸುಮ್ಮನಾದ್ರಲ್ಲ, ಅವತ್ತಿಂದ."

ಅವನು ನೀರಿನ ಕಡೆ ನೋಡುತ್ತಿದ್ದ.

"ನನಗ ಮದಲಿಂದ," ಎಂದ. "ಕೈ ಹಿಡಕೊಂಡು ಕುಂತಿದ್ದು ಅಮಲಿನ್ಯಾಗೂ ಗೊತ್ತಾಗಿತ್ತು." ತಡೆದು ಹೇಳಿದ, "ಆದ್ರ ನಿಮ್ಮಪ್ಪಗ ನಾ ಮಾಫಿ ಕೊಡಂಗಿಲ್ಲ ಭುವನೇಶ್ವರಿ. ಎಂದೂ."

"ಕೊಡ್ರಿ ಅಂತ ಕೇಳಂಗಿಲ್ಲ."

"ನಾಳೆ ಜೈಲಿಂದ ಬಂದು ನಮ್ಮ ಬಾಗಲಾಗ ನಿಂತ್ರ?"

ಸುಳ್ಳು ಹೇಳಬಹುದಿತ್ತು. ಸುಲಭವಾಗುತ್ತಿತ್ತು.

"ಹಸದು ಬಂದ್ರ ಊಟಕ್ಕ ಬಡಸ್ತೇನಿ," ಎಂದಳು. "ನಮ್ಮಪ್ಪ."

ಶ್ರೀಶೈಲ ತಲೆಯಾಡಿಸಿದ. ಕೋಲಿನ ತುದಿಯಿಂದ ಮರಳಿನಲ್ಲಿ ಒಂದು ಗೀರು ಎಳೆದ.

"ನಾ ಎದ್ದು ಹೊರಗ ಹೋಗ್ತೇನಿ."

"ಹೋಗ್ರಿ."

ಅವಳ ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಅವನು ಮೊದಲ ಸಲ ತಾನಾಗಿಯೇ ಅವಳ ಕೈ ಹಿಡಿದ.

"ಅವ್ರು ಉಂಡು ಹೋದ ಮ್ಯಾಲ ತಿರುಗಿ ಬರ್ತೇನಿ," ಎಂದ. "ನನಗೂ ಒಂದಿಷ್ಟು ಇಟ್ಟಿರು."

ಇಷ್ಟು ದಿನದ 'ನೀವು' ಆ ಮಾತಿನಲ್ಲಿ ಇರಲಿಲ್ಲ. ಅದು ಅವಳಿಗೆ ತಿಳಿಯಿತು.

"ಇಬ್ಬರಿಗೂ ಇಟ್ಟಿರ್ತೇನಿ," ಎಂದಳು. "ನೀ ಬರೂತನಾ ನಾ ಉಣ್ಣಂಗಿಲ್ಲ."